ನಲವತ್ತನೇ ಖೋಕಾ

ನಾನು ಚಿಕ್ಕವಳಿದ್ದಾಗಲೇ ನನಗೆ ಲೆಕ್ಕ ಇಡುವ ಚಟ ಅಂಟಿತ್ತು. ಕರೆಂಟು ಎಷ್ಟು ಹೊತ್ತು ಹೋಗಿತ್ತು, ಹಾಲಿನವನು ಯಾವ ದಿನ ಬರಲಿಲ್ಲ ಎಂದು ಡೈರಿಯಲ್ಲಿ ಬರೆಯುವ ನನ್ನನ್ನು ನೋಡಿ ನೀವು ಮೊಮ್ಮಕ್ಕಳೆಲ್ಲ ನಗುತ್ತೀರಿ. ಇದು ಅಜ್ಜಿಯಾದ ಮೇಲೆ ಬಂದ ಗುಣವಲ್ಲ. ನಾಲ್ಕನೇ ತರಗತಿಯಲ್ಲಿದ್ದಾಗ ನಮ್ಮ ಮಾಸ್ತರರು ಒಂದು ಹಳೆಯ ಡೈರಿ ಕೊಟ್ಟಿದ್ದರು. ಅದರಲ್ಲಿ ಮೇಲೆ ತಾರೀಖು, ಕೆಳಗೆ ಗೀಟುಗಳು. ನಾಲ್ಕು ನಿಂತ ಗೀಟು, ಐದನೆಯದು ಅವುಗಳ ಮೇಲೆ ಅಡ್ಡ. ಕೋಳಿ ಇಟ್ಟ ಮೊಟ್ಟೆಗೆ ಗೀಟು, ಅವ್ವ ಬಿಡಿಸಿದ ಹತ್ತಿಯ ಕಿಲೋಗೆ ಗೀಟು, ಅವ್ವ ಹೋದ ಪರೇಡಿಗೆ ಗೀಟು.

ಪರೇಡು ಎಂದರೆ ಏನೆಂದು ಮೊದಲು ಹೇಳಬೇಕು. ನಮ್ಮ ಊರು ದೇವದುರ್ಗ ತಾಲ್ಲೂಕಿನ ಮಸರಕಲ್. ಅಪ್ಪ ಮಾನ್ವಿಯ ಅಕ್ಕಿ ಗಿರಣಿಯಲ್ಲಿ ಚೀಲ ಹೊರುತ್ತಿದ್ದ. ಅವ್ವ ಊರವರ ಹೊಲಗಳಲ್ಲಿ ಹತ್ತಿ ಬಿಡಿಸುತ್ತಿದ್ದಳು. ಆಗ ನಮ್ಮ ಕಡೆ ಅರೆಕಾಲದ ಸಿಪಾಯಿಗಳ ಒಂದು ದಳವಿತ್ತು. ಅದರಲ್ಲಿದ್ದವರು ವಾರವೆಲ್ಲ ತಮ್ಮ ತಮ್ಮ ಕೆಲಸ ಮಾಡಿಕೊಂಡು, ಭಾನುವಾರ ಖಾಕಿ ತೊಟ್ಟು ದೇವದುರ್ಗದ ಮೈದಾನದಲ್ಲಿ ಕವಾಯತು ಕಲಿಯುತ್ತಿದ್ದರು. ವರ್ಷಕ್ಕೊಮ್ಮೆ ರಾಯಚೂರಿನಲ್ಲಿ ಶಿಬಿರ. ಹೊಳೆ ಉಕ್ಕಿದಾಗ, ಚುನಾವಣೆ ಬಂದಾಗ, ಇದ್ದ ಪೊಲೀಸರು ಸಾಲದಾದಾಗ ಇವರನ್ನು ಕರೆಯುತ್ತಿದ್ದರು. ಆ ವರ್ಷ ಮೊದಲ ಸಲ ಹೆಂಗಸರನ್ನೂ ತೆಗೆದುಕೊಂಡರು. ರಾಯಚೂರು, ದೇವದುರ್ಗ, ಮಾನ್ವಿ ಮೂರೂ ಕಡೆ ಸೇರಿ ಎಂಟೇ ಜನ. ಅವ್ವ ಎಂಟನೆಯವಳು.

ಊರಲ್ಲಿ ನಕ್ಕರು. "ಹತ್ತಿ ಬಿಡಸಾಕಿಗೆ ಬೂಟ್ ಯಾಕ ಬೇಕಬೇ? ಮುಳ್ಳು ಚುಚ್ಚತಾವೇನ?" ಎಂದು ಬಾವಿಕಟ್ಟೆಯಲ್ಲಿ ಕೇಳಿದರು. ಅವ್ವ ಕೊಡ ಎತ್ತಿಕೊಂಡು ನಡೆದಳು. ಮನೆಗೆ ಬಂದು, ಬುದ್ಧನ ಪಟದ ಕೆಳಗೆ ಕುಳಿತು ರೊಟ್ಟಿ ಬಡಿಯುತ್ತ ಅಪ್ಪನಿಗೆ ಹೇಳಿದಳು. "ಹೊಲದಾಗ ನನಗ ಯಾರೂ ಹೆಸರ ಹಿಡದು ಕರಿಯಂಗಿಲ್ಲ. ಏ ಇವಳ, ಏ ಕಡೀ ಸಾಲಿನಾಕಿ, ಅಷ್ಟ. ಅಲ್ಲಿ ಹಾಜರಿ ತಗೊಳ್ಳುವಾಗ ನಂಬರ್ ಎಂಟು ಅಂತ ಕರೀತಾರ. ನಾನು ಹಾಜಿರ್ ಅನ್ನೋತನಕ ಕವಾಯತು ಕಲಸೋ ಉಸ್ತಾದ್ರು ಪುಸ್ತಕ ಮುಚ್ಚಂಗಿಲ್ಲ. ನನ್ನ ಸಲುವಾಗಿ ನಿಂತಿರ್ತಾರ ನೋಡ್ರಿ!"

ಅಪ್ಪ ರೊಟ್ಟಿ ಮುರಿಯುತ್ತ, "ಹಂಗಾದ್ರ ಹೋಗು," ಎಂದ.

ಶಿಬಿರದ ಕೊನೆಯ ದಿನ ಗುಂಡು ಹಾರಿಸುವ ಪರೀಕ್ಷೆ. ಅದು ಮುಗಿದ ಮೇಲೆ ಕಡೆಯ ಹಾಜರಿ. ಆ ಹಾಜರಿಯಲ್ಲಿ ಯಾರ ನಂಬರು ಕರೆಯುವುದಿಲ್ಲವೋ ಅವರು ಬೂಟು ಬಿಚ್ಚಿಟ್ಟು ಮನೆಗೆ ನಡೆಯಬೇಕು. ಅವ್ವ ಶಿಬಿರಕ್ಕೆ ಹೋದ ರಾತ್ರಿಯಿಂದ ನನಗೆ ಅದೊಂದೇ ಯೋಚನೆ. ನಂಬರ್ ಎಂಟು ಎನ್ನುತ್ತಾರೋ ಇಲ್ಲವೋ.

ಇನ್ನೊಂದು ವಿಷಯ ಹೇಳಿ ಮುಂದಕ್ಕೆ ಹೋಗುತ್ತೇನೆ. ಹತ್ತಿ ಬಿಡಿಸುವ ಹೆಂಗಸರು ಸೆರಗನ್ನು ಮುಂದೆ ಮಡಚಿ ಸೊಂಟಕ್ಕೆ ಬಿಗಿಯುತ್ತಾರೆ. ಹೊಟ್ಟೆಯ ಮೇಲೆ ಚೀಲದಂತೆ ಆಗುತ್ತದೆ. ಅದೇ ಉಡಿ. ಬಿಡಿಸಿದ ಹತ್ತಿಯೆಲ್ಲ ಅದರೊಳಗೆ ಹೋಗುತ್ತದೆ. ಹತ್ತಿಯನ್ನು ತೂಕಕ್ಕೆ ಹಾಕಿ ಬಂದ ಮೇಲೂ ಅವ್ವನ ಉಡಿ ಖಾಲಿ ಇರುತ್ತಿರಲಿಲ್ಲ. ಬಾರಿಹಣ್ಣು ಇರುತ್ತಿತ್ತು, ಹಸಿ ಕಡಲೆ ಇರುತ್ತಿತ್ತು, ಒಮ್ಮೆ ಎತ್ತಿನ ಕೊರಳಿನ ಗೆಜ್ಜೆ, ಒಮ್ಮೆ ತುಕ್ಕು ಹಿಡಿದ ಮೊಳೆ. ನೆಲದ ಮೇಲೆ ಬಿದ್ದದ್ದನ್ನು ಅವಳ ಕೈ ತಾನಾಗಿ ಎತ್ತಿ ಒಳಗೆ ಹಾಕಿಬಿಡುತ್ತಿತ್ತು. ತೆಗೆದು ನೋಡಿ, "ಇದ್ಯಾವಾಗ ಬಂತವ್ವಾ!" ಎಂದು ಅವಳೇ ಬೆರಗಾಗುತ್ತಿದ್ದಳು. ಸಂಜೆ ಅವಳು ತಿರುವಿನಲ್ಲಿ ಕಂಡ ಕೂಡಲೇ ನಾನು ಕೂಗುತ್ತಿದ್ದೆ, "ಅವ್ವಾ, ಉಡ್ಯಾಗ ಏನ್ ತಂದಿ?" ಅವಳ ಕೈ ಸೊಂಟಕ್ಕೆ ಹೋಗುತ್ತಿತ್ತು. ದಿನವೂ ನಡೆಯುವ ಆಟ ಅದು.

ಶಿಬಿರದ ಕೊನೆಯ ದಿನವಾದ ಆ ಶನಿವಾರ ಅಪ್ಪ ಗಿರಣಿಗೆ ಹೋಗದೆ ನನ್ನನ್ನು ಬಸ್ಸಿನಲ್ಲಿ ಕರೆದುಕೊಂಡು ಹೊರಟ. ಎಳ್ಳಮವಾಸ್ಯೆ ಹತ್ತಿರವಿತ್ತು, ಬೆಳಗಿನ ಚಳಿಗೆ ಬಸ್ಸಿನ ಕಂಬಿ ಕೈಗೆ ತಣ್ಣಗೆ ಅಂಟುತ್ತಿತ್ತು. ಹತ್ತಿ ತುಂಬಿದ ಲಾರಿಗಳು ಹಾದುಹೋದ ದಾರಿಯುದ್ದಕ್ಕೂ ಜಾಲಿಯ ಮುಳ್ಳುಗಳಿಗೆ ಬಿಳಿ ಅರಳೆ ಸಿಕ್ಕಿಕೊಂಡಿತ್ತು. ರಾಯಚೂರಿನಲ್ಲಿ ಇಳಿದು, ಕಲ್ಮಲದ ಕಡೆ ಒಂದಿಷ್ಟು ದೂರ ಟಾಂಗಾದಲ್ಲಿ ಹೋಗಿ, ಆಮೇಲೆ ಕಲ್ಲುಗುಡ್ಡದ ಹಿಂದಕ್ಕೆ ನಡೆದೆವು. ಗುಡ್ಡದ ಮೇಲೆ ಕೆಂಪು ಬಾವುಟ. ಬುಡದಲ್ಲಿ ಮನುಷ್ಯಾಕಾರದ ಹಲಗೆಗಳು. ಮನೆಯವರು ದಾಟಬಾರದೆಂದು ನೆಲದ ಮೇಲೆ ಸುಣ್ಣದ ಗೆರೆ ಎಳೆದಿದ್ದರು. ಅದರ ಈಚೆಗಿದ್ದ ಬೇವಿನ ಮರದ ಕೆಳಗೆ ಅಪ್ಪ ತನ್ನ ಹೆಗಲ ಮೇಲಿನ ವಲ್ಲಿ ಹಾಸಿದ.

ಅವ್ವನನ್ನು ನಾನು ಮೊದಲು ಗುರುತಿಸಲೇ ಇಲ್ಲ. ಖಾಕಿ ಪ್ಯಾಂಟು, ಖಾಕಿ ಅಂಗಿ, ದಪ್ಪ ಬೆಲ್ಟು. ಗಂಡಸರ ಅಂಗಿಗೆ ಎದೆಯ ಮೇಲೆ ಎರಡೆರಡು ಜೇಬಿದ್ದವು. ಹೆಂಗಸರ ಅಂಗಿಗೆ ಒಂದೂ ಇರಲಿಲ್ಲ. ದರ್ಜಿ, "ಹೆಣ್ಮಕ್ಕಳಿಗ್ಯಾಕ ಜೇಬು?" ಎಂದು ತಾನೇ ತೀರ್ಮಾನಿಸಿದ್ದನಂತೆ. ಅಳತೆಯೂ ಸರಿಯಿರಲಿಲ್ಲ. ಅಂಗಿ ಬೆಲ್ಟಿನ ಮೇಲೆ ಗುಡಾರದಂತೆ ಉಬ್ಬಿಕೊಂಡಿತ್ತು.

ಬೆಳಗಿನಿಂದ ಗಂಡಸರ ಸರದಿ ನಡೆಯಿತು. ಒಂದೊಂದು ಗುಂಡಿಗೂ ಗುಡ್ಡ ಒಮ್ಮೆ ಗುಡುಗಿ, ಬೇವಿನ ಮರದ ಗಿಣಿಗಳು ಹಾರಿ ಮತ್ತೆ ಕೂರುತ್ತಿದ್ದವು. ಮದ್ದಿನ ವಾಸನೆ ಸುಟ್ಟ ಮೆಣಸಿನಕಾಯಿಯಂತೆ ಮೂಗಿಗೆ ಏರುತ್ತಿತ್ತು. ಪ್ರತಿ ಗುಂಡು ಹಾರಿದ ಮೇಲೆ ಬಂದೂಕಿನಿಂದ ಹಿತ್ತಾಳೆಯ ಖಾಲಿ ಕವಚವೊಂದು ಹೊರಬಿದ್ದು ಹೊಳೆಯುತ್ತಿತ್ತು. ಅದನ್ನೇ ಅವರು ಖೋಕಾ ಎನ್ನುತ್ತಿದ್ದರು. ಕಲಿಸುವ ಉಸ್ತಾದರು ಖೋಕಾ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಕೆಟ್ಟವರ ಕೈಗೆ ಸಿಕ್ಕರೆ ಅದಕ್ಕೆ ಮತ್ತೆ ಮದ್ದು ತುಂಬಬಹುದು. ಹಾಗಾಗಿ ಕೊಟ್ಟ ಗುಂಡು ಎಷ್ಟೋ ಅಷ್ಟು ಖೋಕಾ ವಾಪಸು ಬರಲೇಬೇಕು. ಬಿದ್ದದ್ದನ್ನು ಹಾರಿಸಿದವರು ಮುಟ್ಟುವಂತಿರಲಿಲ್ಲ. ಉಸ್ತಾದರೇ ಆರಿಸುತ್ತಿದ್ದರು.

ಹೆಂಗಸರ ಸರದಿ ಬಂದಾಗ ಹೊತ್ತು ಇಳಿದಿತ್ತು. ಒಬ್ಬೊಬ್ಬರಿಗೆ ಐದೈದು ಗುಂಡು, ಒಬ್ಬರಾದ ಮೇಲೆ ಒಬ್ಬರು. ನಾನು ಡೈರಿ ತೊಡೆಯ ಮೇಲಿಟ್ಟುಕೊಂಡು ಗುಂಡಿಗೊಂದು ಗೀಟು ಎಳೆಯುತ್ತ ಹೋದೆ. ಮಾನ್ವಿ ಕಡೆಯ ಬಾಗಲವಾಡದವಳೊಬ್ಬಳು ಅವ್ವನ ಗೆಳತಿಯಾಗಿದ್ದಳು, ನಾನು ಅವಳನ್ನು ಅತ್ತೆ ಎನ್ನುತ್ತಿದ್ದೆ. ಅವಳು ಹಾರಿಸಿ ಎದ್ದು, "ಯವ್ವಾ, ಕತ್ತೆ ಒದ್ದಂಗ ಒದೀತದ!" ಎಂದು ಭುಜ ತಿಕ್ಕಿಕೊಂಡಾಗ ಎಲ್ಲರೂ ನಕ್ಕರು. ಕೊನೆಗೆ ಅವ್ವ. ಮರಳ ಚೀಲದ ಹಿಂದೆ ಬೋರಲು ಮಲಗಿದಳು. ಐದನೆಯ ಗುಂಡಿಗೆ ನಾನು ಅಡ್ಡಗೀಟು ಎಳೆದು ತಲೆಯೆತ್ತಿದಾಗ ಅವ್ವ ಎದ್ದು ನಿಂತಿದ್ದಳು. ಹಲಗೆಗೆ ಮೂರು ಗುಂಡು ತಾಗಿದ್ದವು. ಪಾಸಾಗಲು ಅಷ್ಟು ಸಾಕಿತ್ತು.

ಆಮೇಲೆ ಎಂಟೂ ಜನ ಸಾಲಾಗಿ ನಿಂತು, ಎರಡೂ ಕೈ ಮುಂದೆ ಚಾಚಿ, ಒಬ್ಬೊಬ್ಬರಾಗಿ ಹಿಂದಿಯಲ್ಲಿ ಹೇಳಿದರು. ನನ್ನ ಬಳಿ ಗುಂಡಾಗಲಿ ಖಾಲಿ ಖೋಕಾ ಆಗಲಿ ಇಲ್ಲ, ಶ್ರೀಮಾನ್. ಅದು ಅಲ್ಲಿಯ ಆಣೆ. ಅವ್ವನೂ ಗಟ್ಟಿಯಾಗಿ ಹೇಳಿದಳು.

ಒಬ್ಬೊಬ್ಬರದೂ ಮುಗಿದ ಕೂಡಲೇ ಎಣಿಸುವುದು ಪದ್ಧತಿ. ಅಂದು ಬೆಳಕು ಹೋಗುತ್ತದೆಂಬ ಆತುರದಲ್ಲಿ ಉಸ್ತಾದರು ಎಲ್ಲವನ್ನೂ ಒಂದೇ ತಗಡಿನ ಡಬ್ಬಿಗೆ ಹಾಕಿಕೊಂಡಿದ್ದರು. ಈಗ ಡಬ್ಬಿಯನ್ನು ಕಂಬಳಿಯ ಮೇಲೆ ಸುರಿದು ಎಣಿಸಿದರು. ಮತ್ತೆ ಎಣಿಸಿದರು. ಮೂರನೆಯ ಸಲ ಶಿಬಿರ ನಡೆಸುವ ದೊಡ್ಡ ಸಾಹೇಬರೇ ಬಂದು ಬಗ್ಗಿ ನಿಂತರು. ನಲವತ್ತು ಇರಬೇಕಿತ್ತು. ಮೂವತ್ತೊಂಬತ್ತು ಇದ್ದವು.

"ಸಿಗೋತನಕ ಒಬ್ಬರೂ ಜಾಗಾ ಬಿಟ್ಟು ಕದಲಂಗಿಲ್ಲ," ಎಂದರು ಉಸ್ತಾದರು. ಅವರ ದನಿ ಜೋರಾಗಿರಲಿಲ್ಲ. ಅದಕ್ಕೇ ಹೆದರಿಕೆಯಾಯಿತು.

ಗಂಡಸರು ಮೊಣಕಾಲೂರಿ ಮಣ್ಣು ಕೆದಕಲಾರಂಭಿಸಿದರು. ಮರಳ ಚೀಲಗಳನ್ನು ಎತ್ತಿ ಕೊಡವಿದರು, ಕಂಬಳಿ ಜಾಡಿಸಿದರು, ಹೆಂಗಸರು ಬೂಟು ಬಿಚ್ಚಿ ಕವುಚಿ ತೋರಿಸಿದರು. ಊರು ಸೇರುವ ಕೊನೆಯ ಬಸ್ಸು ತಪ್ಪುತ್ತದೆಂದು ಒಬ್ಬ ಗೊಣಗಿದ. "ಬಳಿ ತೊಟ್ಟ ಕೈಗೆ ಬಂದೂಕ ಕೊಟ್ರ ಹಿಂಗ ಆಗೂದು," ಎಂದ.

ಬಾಗಲವಾಡದ ಅತ್ತೆ ತಲೆಯೆತ್ತದೆ ಹೇಳಿದಳು. "ನಿನ್ನ ಕೈಯಾಗ ಬಳಿ ಇಲ್ಲಲ್ಲೋ ಅಣ್ಣಾ. ಮತ್ತ ಹಲಗಿ ಬಿಟ್ಟು ಗುಡ್ಡಕ್ಕ್ಯಾಕ ಹೊಡದಿ? ಗುಡ್ಡ ಏನ್ ಮಾಡಿತ್ತು ನಿನಗ?"

ಯಾರೋ ಫಕ್ಕನೆ ನಕ್ಕು, ಸಾಹೇಬರನ್ನು ನೋಡಿ ಮತ್ತೆ ಮಣ್ಣು ಕೆದಕಿದರು.

ಸಾಹೇಬರು ಯೋಚಿಸುತ್ತ ಉಸ್ತಾದರಿಗೆ, "ಪೆಟ್ಟಿಗಿಂದ ಕೊಡೂವಾಗ ಒಂದು ಕಡಿಮಿ ಕೊಟ್ಟಿರಿ ಏನು? ಮೂವತ್ತೊಂಬತ್ತ ಹಾರಿರಬೇಕು," ಎಂದರು. ಉಸ್ತಾದರ ಮುಖ ಸ್ವಲ್ಪ ಸಡಿಲವಾಯಿತು. ಹಾಗೆಂದು ಬರೆದು ಮುಗಿಸಬಹುದಿತ್ತೇನೋ. ಅಷ್ಟರಲ್ಲಿ ನಾನು ಎದ್ದು ನಿಂತೆ. ಲೆಕ್ಕ ತಪ್ಪಾಗಿ ಹೇಳುವುದನ್ನು ಕೇಳಿಕೊಂಡು ಕೂರುವುದು ನನ್ನಿಂದ ಆಗುತ್ತಿರಲಿಲ್ಲ.

"ಇಲ್ರೀ, ನಲವತ್ತೂ ಹಾರ್ಯಾವ್ರಿ! ನಾನು ಬರಕೊಂಡೀನಿ!"

ಅಪ್ಪ ನನ್ನ ರಟ್ಟೆ ಹಿಡಿದ, ಆದರೆ ತಡವಾಗಿತ್ತು. ಉಸ್ತಾದರು ಬಂದು ಡೈರಿ ನೋಡಿದರು. ಎಂಟು ಕಟ್ಟು, ಕಟ್ಟಿಗೆ ಐದು. "ಶಾಬಾಸ್ ಬೇಟಿ," ಎಂದು ಮೆಲ್ಲನೆ ಹೇಳಿ ತಿರುಗಿ ಹೋದರು. ಅವರು ಹೊಗಳಿದರೂ ನನಗೆ ಖುಷಿಯಾಗಲಿಲ್ಲ. ಗೆರೆಯಾಚೆ ಅವ್ವ ನನ್ನನ್ನೇ ನೋಡುತ್ತಿದ್ದಳು.

ಸಾಹೇಬರು ಜೀಪಿನ ಚಾಲಕನನ್ನು ಕರೆದರು. "ರಾಯಚೂರಿಗೆ ಹೋಗಿ ಇಬ್ಬರು ಮಹಿಳಾ ಪೊಲೀಸರನ್ನ ಕರಕೊಂಡು ಬಾ. ಈ ಎಂಟೂ ಮಂದಿ ತಪಾಸಣಿ ಆಗಬೇಕು." ಆಮೇಲೆ ಹೆಂಗಸರ ಕಡೆ ತಿರುಗಿದರು. "ಆಣಿ ಮಾಡಿ ಹೇಳೀರಿ. ತಪಾಸಣ್ಯಾಗ ಯಾರ ಮೈಮ್ಯಾಲೆ ಸಿಗ್ತದೋ ಅದು ಕಳವು. ದಳದಿಂದಷ್ಟ ಅಲ್ಲ, ಕೇಸೂ ಆಗ್ತದ." ಜೀಪು ಧೂಳೆಬ್ಬಿಸಿ ಹೊರಟಿತು. ಅದರ ಸದ್ದು ಗುಡ್ಡದ ತಿರುವಿನಲ್ಲಿ ಕರಗಿತು.

ಹೆಂಗಸರು ಮತ್ತೆ ನೆಲ ಹುಡುಕತೊಡಗಿದರು. ಎಂಟು ಜನ ಒಂದು ಸಾಲು ಹಿಡಿದು ಬಗ್ಗಿ ಮುಂದಕ್ಕೆ ಸರಿಯುತ್ತಿದ್ದರು, ಥೇಟ್ ಹತ್ತಿ ಬಿಡಿಸುವಂತೆ. ಬಿಸಿಲು ಹಳದಿಯಾಗಿ ಗುಡ್ಡದ ತುದಿಗೆ ಏರುತ್ತಿತ್ತು. ನಾನು ಅವ್ವನ ಕೈಯನ್ನೇ ನೋಡುತ್ತಿದ್ದೆ. ಆ ಕೈ ಮಣ್ಣಿನಿಂದ ಒಂದು ಬಿಳಿ ಬೆಣಚುಕಲ್ಲು ಎತ್ತಿತು. ಅವ್ವನ ಕಣ್ಣು ಮುಂದಿನ ನೆಲದ ಮೇಲಿತ್ತು. ಕೈ ಮಾತ್ರ ತನ್ನಷ್ಟಕ್ಕೆ ಹೊಟ್ಟೆಯ ಕಡೆ ಹೋಗಿ, ಅಂಗಿಯ ಎರಡು ಗುಂಡಿಗಳ ನಡುವೆ ನುಗ್ಗಿ, ಖಾಲಿಯಾಗಿ ಹೊರಬಂದು, ಮತ್ತೆ ಮಣ್ಣಿಗೆ ಇಳಿಯಿತು.

ಖೋಕಾ ಎಲ್ಲಿದೆ ಎಂದು ನನಗೆ ತಿಳಿದುಹೋಯಿತು. ಅವ್ವನಿಗೆ ತಿಳಿದಿರಲಿಲ್ಲ.

"ಅಪ್ಪಾ, ಅವ್ವನ ಹತ್ರನ ಅದ," ಎಂದು ಪಿಸುಗುಟ್ಟಿದೆ. ಅಪ್ಪ ನನ್ನನ್ನು ನೋಡಿದ ರೀತಿ ಈಗಲೂ ಕಣ್ಣ ಮುಂದಿದೆ. ಓಡಿಹೋಗಿ ಹೇಳುವಂತಿರಲಿಲ್ಲ, ಸುಣ್ಣದ ಗೆರೆಯ ಮೇಲೆ ಕಾವಲಿನವನು ನಿಂತಿದ್ದ. ಅಂಗಿಯೊಳಗೆ ನೋಡು ಎಂದು ಕೂಗಿದರೆ ನಾನೇ ಅವಳನ್ನು ಹಿಡಿದುಕೊಟ್ಟಂತೆ. ಸುಮ್ಮನಿದ್ದರೆ ಜೀಪು ಬರುತ್ತದೆ. ಅವಳಾಗಿ ತೆಗೆಯಬೇಕು, ಅದೂ ಜೀಪು ಬರುವ ಮುಂಚೆ. ದೂರದ ರಸ್ತೆಯಲ್ಲಿ ಯಾವುದೋ ಗಾಡಿಯ ದೀಪ ಹೊತ್ತಿತು.

ನಾನು ಬಾಯಿಗೆ ಎರಡೂ ಕೈ ಹಿಡಿದು ಕೂಗಿದೆ.

"ಅವ್ವಾ! ಉಡ್ಯಾಗ ಏನ್ ತಂದಿ?"

ಗಂಡಸರು ನಕ್ಕರು. "ಹುಡುಗಿಗೆ ಹಸಿವಾಗೇದ ನೋಡ್ರಿ, ಏನರ ಕೊಡ್ರಿ," ಎಂದರು. ಅವ್ವ ನಗಲಿಲ್ಲ. ದಿನವೂ ಹೋಗುವಂತೆ ಅವಳ ಕೈ ಸೊಂಟಕ್ಕೆ ಹೋಯಿತು. ಅಲ್ಲೇ ನಿಂತಿತು. ಅಂಗಿಯ ಮೇಲಿಂದಲೇ ಅವಳ ಬೆರಳುಗಳು ಏನನ್ನೋ ತಡವಿದವು.

ಪಕ್ಕದಲ್ಲಿದ್ದ ಬಾಗಲವಾಡದ ಅತ್ತೆಗೂ ಗೊತ್ತಾಯಿತು. ಅವಳು ಆಗ ಏನು ಹೇಳಿದಳೆಂದು ಅವ್ವ ಆಮೇಲೆ ನಮಗೆ ಹೇಳಿದಳು. "ಸುಮ್ಮನ ಮಣ್ಣಾಗ ಬಿಡಬೇ. ಸಿಕ್ತು ಅಂತ ನಾನು ಒದರತೀನಿ." ಅದು ಬಹಳ ಸುಲಭವಿತ್ತು. ಎಲ್ಲರೂ ನೆಲದ ಮೇಲೇ ಇದ್ದರು, ಬೆಳಕೂ ಮಬ್ಬಾಗಿತ್ತು. ಬಿಡು, ಬಿಡು ಎಂದು ನಾನೂ ಒಳಗೊಳಗೇ ಅನ್ನುತ್ತಿದ್ದೆ.

ಅವ್ವ ಎದ್ದು ನಿಂತಳು. ಸಾಹೇಬರ ಮುಂದೆ ಹೋಗಿ, ಕಲಿಸಿದಂತೆ ಬೂಟು ಜೋಡಿಸಿ, ಅಂಗಿಯೊಳಗೆ ಕೈ ಹಾಕಿ, ಅಂಗೈ ಚಾಚಿದಳು. ಹಿತ್ತಾಳೆಯ ಖೋಕಾ, ಪಕ್ಕದಲ್ಲಿ ಬಿಳಿ ಬೆಣಚುಕಲ್ಲು.

"ನನ್ನ ಹತ್ರನ ಇತ್ರಿ, ಸಾಬ್. ಆಣಿ ಮಾಡೂವಾಗ ನನಗ ಗೊತ್ತಿರಲಿಲ್ರಿ. ನಾನು ಇಟ್ಟಿಲ್ರಿ. ಕೈ ಇಟ್ಟದ್ದು."

"ಕೈ ಇಟ್ಟದ್ದು?" ಸಾಹೇಬರು ಸಿಟ್ಟಿನಿಂದ ಕೇಳಿದರು. "ಕೈ ನಿಂದಲ್ಲೇನು?"

ಅವ್ವ ತಲೆ ತಗ್ಗಿಸಲಿಲ್ಲ. "ನಂದ ರೀ. ಆದ್ರ ಸಣ್ಣಾಕಿ ಇದ್ದಾಗಿಂದ ಹತ್ತಿ ಬಿಡಸೇದ. ಬಿದ್ದದ್ದು ಎತ್ತಿ ಉಡಿಗೆ ಹಾಕೂದೊಂದ ಅದಕ್ಕ ಗೊತ್ತು."

ಸಾಹೇಬರು ನಂಬಿದಂತೆ ಕಾಣಲಿಲ್ಲ. ಆಗ ಬಾಗಲವಾಡದ ಅತ್ತೆ ಮುಂದೆ ಬಂದಳು. "ಅಕಿ ಒಬ್ಬಾಕೀ ಅಲ್ರಿ ಸಾಹೇಬ್ರ, ತಗೋರಿ," ಎಂದು ತನ್ನ ಬೆಲ್ಟಿನ ಮೇಲಿಂದ ಒಂದು ಅಂಗಿಗುಂಡಿ, ನಾಲ್ಕು ಶೇಂಗಾ, ಒಂದು ಬೇವಿನ ಕಡ್ಡಿ ತೆಗೆದು ಕಂಬಳಿಯ ಮೇಲಿಟ್ಟಳು. ಗುಂಡಿ ಉಸ್ತಾದರ ಅಂಗಿಯದು. ಎರಡು ದಿನದಿಂದ ಅವರು ಅದನ್ನು ಹುಡುಕುತ್ತಿದ್ದರಂತೆ! ಅವಳ ಹಿಂದೆ ಇನ್ನೊಬ್ಬಳು ಬಂದು ಹೇರ್‌ಪಿನ್ನು ಇಟ್ಟಳು, ಮತ್ತೊಬ್ಬಳು ಅರ್ಧ ಅಡಿಕೆ, ಮತ್ತೊಬ್ಬಳು ಗಿಣಿಯ ಹಸಿರು ಗರಿ. ಕೆಲವರಿಗೆ ತಮ್ಮ ಬಳಿ ಏನಿದೆ ಎಂಬುದು ತೆಗೆದು ನೋಡಿದ ಮೇಲೇ ಗೊತ್ತಾಯಿತು. ರಾಯಚೂರು ಪೇಟೆಯ ಇಬ್ಬರ ಬಳಿ ಮಾತ್ರ ಏನೂ ಇರಲಿಲ್ಲ. ಅವರು ಹೊಲ ಕಂಡವರಲ್ಲ.

ಉಸ್ತಾದರು ತಮ್ಮ ಗುಂಡಿಯನ್ನು ಎತ್ತಿಕೊಂಡು ತಿರುಗಿಸಿ ನೋಡಿದರು. ನಗು ತಡೆಯಲು ಅವರು ಮೀಸೆ ಕಚ್ಚಿದ್ದು ನನಗೆ ಕಂಡಿತು. ಸಾಹೇಬರು ನಗಲಿಲ್ಲ. ಬಗ್ಗಿ ಕಂಬಳಿಯ ಮೇಲಿದ್ದ ಒಂದೊಂದನ್ನೂ ನೋಡಿದರು. ಆ ಹೊತ್ತಿಗೆ ಸರಿಯಾಗಿ ಜೀಪು ಬಂದು ನಿಂತು, ಇಬ್ಬರು ಪೊಲೀಸ್ ಹೆಂಗಸರು ಇಳಿದರು. ಅಪ್ಪನ ಬೆರಳುಗಳು ನನ್ನ ಭುಜವನ್ನು ಒತ್ತಿ ಹಿಡಿದವು.

"ಖೋಕಾ ಸಿಕ್ಕದ. ತಪಾಸಣಿ ಬ್ಯಾಡ, ನೀವು ಹೋಗ್ರಿ," ಎಂದು ಸಾಹೇಬರು ಅವರಿಗೆ ಹೇಳಿದರು. ಆಮೇಲೆ ಅವ್ವನಿಗೆ, "ಗೊತ್ತಿಲ್ಲದೇ ಆಣಿ ಮಾಡೂದೂ ತಪ್ಪ. ರೈಫಲ್ ತಲಿಮ್ಯಾಲೆ. ಮೈದಾನ ಐದು ಸುತ್ತು."

ಅವ್ವ ಭಾರದ ಬಂದೂಕನ್ನು ಎರಡೂ ಕೈಯಿಂದ ತಲೆಯ ಮೇಲೆತ್ತಿ ಓಡಿದಳು. ಎರಡನೆಯ ಸುತ್ತಿಗೆ ಬಾಗಲವಾಡದ ಅತ್ತೆ, "ಶೇಂಗಾದ ಶಿಕ್ಷಾ ನಂದು," ಎನ್ನುತ್ತ ಜೊತೆಗೆ ಸೇರಿದಳು. ಮೂರನೆಯದಕ್ಕೆ ಎಲ್ಲರೂ ಓಡುತ್ತಿದ್ದರು, ಪೇಟೆಯ ಇಬ್ಬರೂ ಸಹ. ನಾನು ಗೀಟು ಎಳೆಯಲಿಲ್ಲ. ಅಂದು ಅದೊಂದೇ ಲೆಕ್ಕ ಬಿಟ್ಟೆ.

ಆದರೆ ಶಿಕ್ಷೆ ಮುಗಿದ ಮಾತ್ರಕ್ಕೆ ಎಲ್ಲವೂ ಮುಗಿದಿರಲಿಲ್ಲ. ಕಡೆಯ ಹಾಜರಿ ಬಾಕಿಯಿತ್ತು. ಲಾಟೀನಿನ ಬೆಳಕಿನಲ್ಲಿ ಉಸ್ತಾದರು ಹೆಂಗಸರ ಹಾಜರಿ ಪುಸ್ತಕ ಬಿಡಿಸಿದರು. ಒಂದರಿಂದ ಕರೆಯುತ್ತ ಹೋದರು. ನಂಬರ್ ಆರು. ಹಾಜಿರ್ ಸಾಬ್. ನಂಬರ್ ಏಳು. ಹಾಜಿರ್ ಸಾಬ್, ಎಂದಳು ಬಾಗಲವಾಡದ ಅತ್ತೆ. ಉಸ್ತಾದರು ತಲೆಯೆತ್ತಿ ಸಾಹೇಬರನ್ನು ನೋಡಿದರು. ಸಾಹೇಬರು ಕತ್ತಲಲ್ಲಿದ್ದರು, ಅವರ ಮುಖ ನಮಗೆ ಕಾಣಿಸಲಿಲ್ಲ. ಎಲ್ಲೋ ಒಂದು ಟಿಟ್ಟಿಭ ಹಕ್ಕಿ ಕೂಗಿತು. ಉಸ್ತಾದರ ಕೈ ಪುಸ್ತಕದ ರಟ್ಟಿನ ಮೇಲಿತ್ತು.

"ನಂಬರ್ ಎಂಟು!"

"ಹಾಜಿರ್ ಸಾಬ್!"

ಅವ್ವ ಎಷ್ಟು ಜೋರಾಗಿ ಕೂಗಿದಳೆಂದರೆ ಗುಡ್ಡವೂ ಒಮ್ಮೆ ಹಾಜರಿ ಹೇಳಿತು. ಆಮೇಲೇ ಉಸ್ತಾದರು ಪುಸ್ತಕ ಮುಚ್ಚಿದರು. ಅಪ್ಪ ಕತ್ತಲಲ್ಲಿ ವಲ್ಲಿಯಿಂದ ಮುಖ ಒರೆಸಿಕೊಂಡ, ಧೂಳು ಎಂದ. ಮುಂದಿನ ಪರೇಡಿನ ಹೊತ್ತಿಗೆ ಸಾಹೇಬರ ಆಜ್ಞೆಯಂತೆ ಎಂಟೂ ಅಂಗಿಗಳಿಗೆ ಎರಡೆರಡು ಜೇಬು ಬಂದಿದ್ದವು. ಅದೇ ದರ್ಜಿಯೇ ಹೊಲಿದುಕೊಟ್ಟ.

ಈಗ ನಿಮ್ಮ ಕಾಲ ಬೇರೆ. ಮಸರಕಲ್ಲಿನಲ್ಲಿ ಹತ್ತಿಯನ್ನು ಇವತ್ತಿಗೂ ಕೈಯಿಂದಲೇ ಬಿಡಿಸುತ್ತಾರೆ, ಆದರೆ ನೀವು ಅದನ್ನು ಬಸ್ಸಿನ ಕಿಟಕಿಯಿಂದ ಮಾತ್ರ ನೋಡಿದ್ದೀರಿ. ನಿಮ್ಮ ಅಮ್ಮ ಶಾಲೆಯಲ್ಲಿ ಪಾಠ ಹೇಳುತ್ತಾಳೆ. ಅವಳನ್ನು ಯಾರೂ ಏ ಇವಳೇ ಎನ್ನುವುದಿಲ್ಲ. ನಿಮ್ಮ ಕೈಗಳು ಬೇರೆಯೇ ಅಭ್ಯಾಸ ಕಲಿತಿವೆ, ನಿದ್ದೆಯಲ್ಲೂ ಹೆಬ್ಬೆರಳು ಮೊಬೈಲು ಉಜ್ಜುತ್ತಿರುತ್ತದೆ. ನಿಮ್ಮ ಅಕ್ಕ ಕಾಲೇಜಿನ ಕೆಡೆಟ್ ಆಗಿ ಭಾನುವಾರ ಪರೇಡಿಗೆ ಹೊರಟಾಗ ಬಾಗಿಲಲ್ಲಿ ನಿಂತು ನಗುವವರಿಲ್ಲ. ಅವಳ ಪ್ಯಾಂಟು ಅಂಗಿ ಸೇರಿ ಆರು ಜೇಬಿವೆ. ನಾನೇ ಎಣಿಸಿದ್ದೇನೆ.

ಕಳೆದ ಭಾನುವಾರ ಅವಳು ಗುಂಡು ಹಾರಿಸುವ ಅಭ್ಯಾಸ ಮುಗಿಸಿ ಬಂದಳು. ಗೇಟಿನ ಹತ್ತಿರ ಕಂಡ ಕೂಡಲೇ ನಾನು ಇಲ್ಲಿಂದಲೇ ಕೂಗಿದೆ, "ಉಡ್ಯಾಗ ಏನ್ ತಂದಿ?" ಅವಳು ನೆಟ್ಟಗೆ ನಿಂತು, ಆರೂ ಜೇಬುಗಳನ್ನು ತಟ್ಟಿ ತೋರಿಸಿ, ಅದೇ ಹಳೆಯ ಆಣೆಯನ್ನು ಹಿಂದಿಯಲ್ಲಿ ಒಪ್ಪಿಸಿದಳು. ಎಲ್ಲವೂ ಖಾಲಿ. ಆಮೇಲೆ ಬೆಲ್ಟಿನ ಮೇಲಿನ ಅಂಗಿಯೊಳಗೆ ಕೈ ಹಾಕಿ ಒಂದು ಹಿಡಿ ಬಾರಿಹಣ್ಣು ತೆಗೆದು ನನ್ನ ಮಡಿಲಿಗೆ ಸುರಿದಳು.

"ಇಷ್ಟು ಜೇಬು ಇದ್ದಾವಲ್ಲಬೇ, ಅಲ್ಲ್ಯಾಕ ಇಟ್ಟಿ?" ಎಂದೆ.

ಅವಳು ತನ್ನ ಕೈಯನ್ನೇ ಒಮ್ಮೆ ನೋಡಿಕೊಂಡಳು. "ನಾನು ಇಟ್ಟಿಲ್ಲಜ್ಜಿ," ಎಂದಳು. "ಕೈ ಇಟ್ಟದ್ದು."